ಹನ್ನೊಂದು ಗಂಟೆಯ ಹಾಲು

ಆಯುಧಪೂಜೆಯ ದಿನ ನಮ್ಮ ಫ್ಯಾಕ್ಟರಿಯಲ್ಲಿ ಹೊಲಿಗೆ ಮಿಷಿನ್ನುಗಳಿಗೆಲ್ಲ ವಿಭೂತಿ ಬಳಿದು, ಕುಂಕುಮ ಇಟ್ಟು, ಬೂದುಗುಂಬಳ ಒಡೆದಾದ ಮೇಲೆ, ಮಿಕ್ಕ ಸೇವಂತಿಗೆಯನ್ನು ಗೋಡೆಯ ಬೋರ್ಡುಗಳಿಗೆ ಹಾಕುತ್ತಿದ್ದರು. ಅವು ದೇವರ ಪಟಗಳಲ್ಲ. ವರ್ಷಕ್ಕೊಬ್ಬರಂತೆ ಟೈ ಕಟ್ಟಿಕೊಂಡು ಬಂದು, ಫ್ಯಾಕ್ಟರಿಯನ್ನೇ ಬದಲಾಯಿಸಿಬಿಡುತ್ತೇವೆ ಎಂದು ಹೇಳಿ, ನೇತುಹಾಕಿ ಹೋದ ಬೋರ್ಡುಗಳು. ಒಂದರಲ್ಲಿ ಶುಚಿತ್ವ, ಒಂದರಲ್ಲಿ ಗುಣಮಟ್ಟ, ಇನ್ನೊಂದರಲ್ಲಿ ನಾವೆಲ್ಲ ಒಂದೇ ಕುಟುಂಬ. ಒಂದೊಂದಕ್ಕೂ ತೆಂಗಿನಕಾಯಿ ಒಡೆದಿದ್ದೆವು, ಒಂದೊಂದಕ್ಕೂ ಕೇಸರಿಬಾತು ತಿಂದಿದ್ದೆವು. ಬರೆದದ್ದು ಸತ್ತು ಎಷ್ಟೋ ಕಾಲವಾದರೂ ವರ್ಷಕ್ಕೊಮ್ಮೆ ಹೂವು ಮಾತ್ರ ತಪ್ಪುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಲ್ಲ ನಮಗೆ! ಒಂದು ವರ್ಷ ಕಡಲೆಪುರಿ ಹಂಚುತ್ತಾ ಆ ಗೋಡೆಯನ್ನು ನೋಡಿ ನನಗೆ ನಗು ಬಂತು. ಆಮೇಲೆ ಸುಸ್ತಾಯಿತು.

ಬೊಮ್ಮನಹಳ್ಳಿಯ ಆ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ನಾನು ಸೇರಿದ್ದು ತೊಂಬತ್ತರ ದಶಕದಲ್ಲಿ, ಟೈಲರ್ ಆಗಿ. ಆಮೇಲೆ ಸೂಪರ್‌ವೈಸರ್ ಆದೆ. ಎರಡು ಸಾವಿರ ದಾಟುವ ಹೊತ್ತಿಗೆ ಫ್ಲೋರ್ ಇನ್‌ಚಾರ್ಜ್, ಅಂದರೆ ಒಂದು ಮಹಡಿಯ ಹೊಲಿಗೆಗೆಲ್ಲ ನಾನೇ ಹೊಣೆ. ಕೆಲಸ ಕಲಿತದ್ದಕ್ಕಿಂತ ಹೆಚ್ಚಾಗಿ ನನ್ನ ಬಾಯಿ ನನ್ನನ್ನು ಮೇಲಕ್ಕೆ ತಂದಿತು ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಇರಬಹುದು. ಮಿಷಿನ್ನುಗಳ ಸದ್ದಿನಲ್ಲಿ ಮೆತ್ತಗೆ ಮಾತಾಡುವವರ ಮಾತು ಯಾರಿಗೆ ಕೇಳುತ್ತದೆ? ಬನಶಂಕರಿ ಎರಡನೇ ಹಂತದ ನನ್ನ ಮನೆಯಿಂದ ಬಸ್ ಸ್ಟ್ಯಾಂಡಿಗೆ ನಡೆದು, ಅಲ್ಲಿಂದ ಸಿಲ್ಕ್ ಬೋರ್ಡಿಗೆ ಒಂದು ಬಸ್ಸು, ಅಲ್ಲಿ ಇಳಿದು ಇನ್ನೊಂದು. ಮೊದಲೆಲ್ಲ ಅದು ಒಂದು ನಿದ್ದೆಯ ದಾರಿಯಾಗಿತ್ತು. ಬರಬರುತ್ತಾ ಬಿಟಿಎಂ ದಾಟುವುದೇ ಒಂದು ವ್ರತವಾಯಿತು. ಮಂಡಿನೋವು ಶುರುವಾದದ್ದು ಆ ಬಸ್ಸುಗಳಲ್ಲಿ ನಿಂತು ನಿಂತೇ.

ನಾವು ಹೊಲಿಯುತ್ತಿದ್ದದ್ದು ಶರ್ಟು. ಲೈನ್ ಎಂದರೆ ಒಂದರ ಹಿಂದೆ ಒಂದು ಮಿಷಿನ್ನು. ಒಬ್ಬಳು ಜೇಬು ಹಚ್ಚಿ ಹಿಂದಕ್ಕೆ ಕೊಡುತ್ತಾಳೆ, ಇನ್ನೊಬ್ಬಳು ಭುಜ ಕೂಡಿಸುತ್ತಾಳೆ, ಮತ್ತೊಬ್ಬಳು ಕಾಲರ್ ಹಚ್ಚುತ್ತಾಳೆ. ನಡುವೆ ಒಬ್ಬಳು ಎದ್ದರೆ ಅವಳ ಹಿಂದಿನವರೆಲ್ಲ ಕೈ ಕಟ್ಟಿ ಕೂರಬೇಕು, ಅವಳ ಮುಂದಿನವರ ಬಟ್ಟೆ ಗುಡ್ಡೆ ಬೀಳುತ್ತದೆ. ಹಾಗಾಗಿ ಯಾರೂ ಏಳುವುದಿಲ್ಲ. ಏಳಬೇಡಿ ಎಂದು ಯಾರೂ ಹೇಳಬೇಕಾಗಿಯೇ ಇಲ್ಲ.

ಹೊಲಿಗೆಯ ಹಾಲ್‌ನ ಹಿಂಬದಿಗೆ ಮಕ್ಕಳ ರೂಮು ಇತ್ತು. ಅದು ಇರಲೇಬೇಕೆಂದು ಕಾನೂನಂತೆ. ಹಳೇ ಸೀರೆಯ ತೊಟ್ಟಿಲುಗಳು, ಗೋಡೆಗೆ ಅಂಟಿಸಿದ ಪ್ರಾಣಿಗಳ ಚಿತ್ರ, ನೋಡಿಕೊಳ್ಳಲು ಒಬ್ಬ ಆಯಾ. ಮೊಲೆಹಾಲು ಕುಡಿಯುವ ಕೂಸುಗಳು ಅಲ್ಲೇ ಇರುತ್ತಿದ್ದವು, ತಾಯಂದಿರು ಗೋಡೆಯ ಈಚೆ ಇರುತ್ತಿದ್ದರು. ಮಿಷಿನ್ನುಗಳ ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲ. ಕರೆಂಟು ಹೋದರೆ ಮಾತ್ರ, ಜನರೇಟರ್ ಹಚ್ಚುವವರೆಗೆ, ಎಲ್ಲ ಒಮ್ಮೆಗೇ ಸ್ತಬ್ಧವಾಗಿ ಆ ರೂಮಿನ ಅಳು ಗೋಡೆ ದಾಟಿ ಬರುತ್ತಿತ್ತು. ಆಗ ಲೈನಿನಲ್ಲಿ ತಲೆಗಳು ಮೇಲೇಳುವುದನ್ನು ನೋಡಬೇಕು. ಅಳುವುದು ಯಾರ ಮಗು ಎಂದು ಅವರವರಿಗೆ ಗೊತ್ತಾಗುತ್ತಿತ್ತು.

ಕಾಲರ್ ಹಚ್ಚುತ್ತಿದ್ದವಳು ಕೋಣನಕುಂಟೆಯ ಹುಡುಗಿ. ಕೋಣನಕುಂಟೆ ಇನ್ನೂ ಅರ್ಧ ಹಳ್ಳಿಯಾಗಿದ್ದ ಕಾಲ ಅದು. ಗಂಡ ಆಟೋ ಓಡಿಸುತ್ತಿದ್ದ. ಮದುವೆಯಾಗಿ ಬಹಳ ವರ್ಷದ ಮೇಲೆ, ಊರಿನ ದೇವರಿಗೆಲ್ಲ ಹರಕೆ ಹೊತ್ತು ಹುಟ್ಟಿದ ಹೆಣ್ಣುಮಗು. ಹೆರಿಗೆ ರಜೆ ಮುಗಿಸಿ ಕೂಸನ್ನು ಕಟ್ಟಿಕೊಂಡು ಕೆಲಸಕ್ಕೆ ಬಂದಳು. ಆ ಮಗುವಿಗೆ ಡಬ್ಬಿ ಹಾಲು ಆಗುತ್ತಿರಲಿಲ್ಲ. ಕೊಟ್ಟರೆ ಭೇದಿ. ಡಾಕ್ಟರು, ಒಂದು ವರ್ಷವಾದರೂ ಎದೆಹಾಲು ಬಿಡಿಸಬೇಡಮ್ಮಾ ಎಂದು ಹೇಳಿದ್ದರು. ಕೆಲಸ ಬಿಡೋಣವೆಂದರೆ ಮನೆ ನಡೆಯಬೇಕು. ಅವಳಿಗೆ ಬೇಕಿದ್ದದ್ದು ಇಷ್ಟೇ: ಬೆಳಿಗ್ಗೆ ಹನ್ನೊಂದಕ್ಕೆ ಒಂದು ಸಲ ಎದ್ದು ಹೋಗಿ ಮಗುವಿಗೆ ಹಾಲು ಕೊಟ್ಟು ಬರುವುದು. ಊಟದ ಹೊತ್ತಿಗೆ ಹೇಗೂ ಹೋಗಬಹುದಿತ್ತು. ಅಲ್ಲಿಯವರೆಗೆ ಆ ಕೂಸು ತಡೆಯುತ್ತಿರಲಿಲ್ಲ. ಇವಳ ಎದೆಯೂ ತಡೆಯುತ್ತಿರಲಿಲ್ಲ. ಕರ್ಚೀಫು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು, ಮೇಲೆ ಸೆರಗು ಹೊದ್ದು, ತಲೆ ತಗ್ಗಿಸಿ ಕಾಲರ್ ಹಚ್ಚುತ್ತಿದ್ದಳು. ಬಟ್ಟೆಗೆ ಕಲೆಯಾದರೆ ಅದಕ್ಕೂ ಬೈಗುಳ.

ನಮ್ಮ ಶರ್ಟು ಕೊಳ್ಳುವ ಹೊರದೇಶದ ಬಯ್ಯರ್ ಕಡೆಯವರು ಬಂದು ನೋಡಿ ಹೋದ ಮೇಲೆ ನಮ್ಮ ಓನರ್‌ಗೆ ಜ್ಞಾನೋದಯವಾಯಿತು. ‘ತಾಯಂದಿರ ಸಮಯ, ಬೆಳಿಗ್ಗೆ ಹನ್ನೊಂದು ಗಂಟೆ’ ಎಂದು ಹಳದಿ ಬಣ್ಣದಲ್ಲಿ ಬರೆದ ಬೋರ್ಡು ಬಂತು. ಪೂಜೆ ಆಯಿತು. ನಾಳೆಯಿಂದ ಎಲ್ಲಾ ಲೈನಿನಲ್ಲೂ ಜಾರಿ ಎಂದು ಪ್ರೊಡಕ್ಷನ್ ಮ್ಯಾನೇಜರ್ ಭಾಷಣ ಮಾಡಿದರು. ತಾಯಿಯೇ ದೇವರು ಅಂದರು. ಮರುದಿನ ತಾಯಂದಿರು ಎದ್ದರು. ಬಟ್ಟೆ ಗುಡ್ಡೆ ಬಿತ್ತು. ಸಂಜೆ ಟಾರ್ಗೆಟ್ ಆಗಲಿಲ್ಲ. ಅದೇ ಮ್ಯಾನೇಜರ್ ಹಾಲ್‌ನ ನಡುವೆ ನಿಂತು, “ಮಕ್ಕಳು ಹೆರೋಕೆ ಬಂದಿದೀರೋ, ಕೆಲಸ ಮಾಡೋಕೆ ಬಂದಿದೀರೋ?” ಎಂದು ಕಿರುಚಿದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಒಂದು ವಾರದೊಳಗೆ ಬೋರ್ಡು ಗೋಡೆಯ ಮೇಲೆ ಇತ್ತು, ತಾಯಂದಿರು ಮಿಷಿನ್ನಿನ ಮುಂದೆ ಇದ್ದರು. ಬೇಡ ಎಂದು ಯಾರೂ ಹೇಳಲಿಲ್ಲ. ಯಾರೂ ಏಳಲಿಲ್ಲ, ಅಷ್ಟೆ.

ಆ ದಿನಗಳಲ್ಲಿ ನನ್ನ ಮನೆಯ ಮೇಲಿನ ರೂಮಿನಲ್ಲಿ ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಜೆಪಿ ನಗರದ ಯಾವುದೋ ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ. ಭಾನುವಾರ ತಾರಸಿಯಲ್ಲಿ ಬಟ್ಟೆ ಒಣಗಿಸುವಾಗ ನನ್ನ ಗೋಳು ಕೇಳಲು ನನಗೆ ಸಿಕ್ಕವಳು ಅವಳೊಬ್ಬಳೇ. ಬೋರ್ಡಿನ ಕಥೆ ಹೇಳಿ ಹಲ್ಲು ಕಡಿದೆ. ಅವಳು ಹಿಂಡಿದ ಬೆಡ್‌ಶೀಟಿನ ಒಂದು ತುದಿ ನನ್ನ ಕೈಗೆ ಕೊಟ್ಟು ನಕ್ಕಳು.

“ಆಂಟಿ, ನಮ್ಮ ಆಫೀಸ್‌ನ್ಯಾಗ ಈಗ ಹೊಸಾದು ಒಂದು ಬಂದೈತ್ರೀ. ಅಜೈಲ್ ಅಂತಾರ. ದಿನಾ ಮುಂಜಾನೆ ಎಲ್ಲಾರೂ ನಿಂತು ಮಾತಾಡ್ತೀವ್ರೀ.”

ಹೆಸರು ಕೇಳಿದರೆ ಕೆಮ್ಮಿನ ಔಷಧಿಯ ಹಾಗಿತ್ತು. “ಯಾಕೆ, ಕುರ್ಚಿ ಇಲ್ವಾ?” ಎಂದೆ.

“ಕುಂತ್ರ ಮಾತು ಉದ್ದ ಆಗ್ತೈತ್ರೀ. ನಿಂತ್ರ ಕಾಲು ನೋಯ್ತಾವು, ಲಗೂನ ಮುಗೀತೈತಿ. ನಿನ್ನೆ ಏನಾತು, ಇವತ್ತ ಏನು ಮಾಡೂದು, ಕೆಲಸ ಎಲ್ಲಿ ಸಿಕ್ಕೊಂಡೈತಿ, ಇಷ್ಟ ಮಾತು.”

“ಅಷ್ಟಕ್ಕೂ ಸಂಬಳ ಕೊಡ್ತಾರಾ ನಿಮಗೆ?”

ಅವಳಿಗೆ ಸಿಟ್ಟು ಬರಲಿಲ್ಲ. ಬಟ್ಟೆಗೆ ಕ್ಲಿಪ್ಪು ಹಾಕುತ್ತಲೇ ಹೇಳಿದಳು. ಮೊದಲು ಅವರಲ್ಲೂ ಎಲ್ಲವನ್ನೂ ಒಂದೇ ಸಲ ಬದಲಾಯಿಸಲು ಹೋಗುತ್ತಿದ್ದರಂತೆ. ತಿಂಗಳುಗಟ್ಟಲೆ ಯೋಜನೆ, ಕೊನೆಗೆ ಎಲ್ಲ ಮಣ್ಣುಪಾಲು. ಈಗ ಸಣ್ಣದೊಂದನ್ನು ಹಿಡಿದು ಸ್ವಲ್ಪ ದಿನ ಮಾಡಿ ನೋಡುತ್ತಾರೆ. ಕೂಡಲೇ ಮಾತಾಡಿಕೊಳ್ಳುತ್ತಾರೆ. ಕೆಟ್ಟರೆ ಬಿಡುತ್ತಾರೆ ಅಥವಾ ತಿದ್ದುತ್ತಾರೆ, ಸರಿಯಾದರೆ ಇಟ್ಟುಕೊಳ್ಳುತ್ತಾರೆ. “ನೀವು ಫ್ಯಾಕ್ಟ್ರಿ ಬದ್ಲಿ ಮಾಡಾಕ ಹೋಗಬ್ಯಾಡ್ರೀ ಆಂಟಿ. ಒಂದ ಲೈನು, ಒಂದ ವಾರ. ಕೆಲಸ ಮಾಡೋರನ್ನಽ ಕೇಳ್ರಿ. ಅವರಽ ಹೇಳ್ತಾರ.”

ಹೇಳುವುದಕ್ಕೇನು, ಬೆಕ್ಕಿಗೆ ಗಂಟೆ ಕಟ್ಟುವವಳು ನಾನು ತಾನೇ! ಆದರೂ ಒಂದು ವಾರ ಎಂಬ ಮಾತು ನನ್ನ ತಲೆಯಲ್ಲಿ ಕೂತಿತು. ಒಂದು ವಾರ ಯಾವ ಮಹಾ ಹೊತ್ತು? ಕೆಟ್ಟರೆ ಒಂದು ವಾರ ಕೆಟ್ಟಿತು.

ಕಾಲರ್ ಹುಡುಗಿಯ ಲೈನನ್ನೇ ಆರಿಸಿಕೊಂಡೆ. ಓನರಿಗೆ ಹೇಳಲಿಲ್ಲ, ಪೂಜೆ ಇಡಲಿಲ್ಲ, ಬೋರ್ಡು ಬರೆಸಲಿಲ್ಲ. ಬೆಳಿಗ್ಗೆ ಮಿಷಿನ್ನು ಹಚ್ಚುವ ಮುಂಚೆ, “ಎಲ್ಲಾ ಎದ್ದು ನಿಂತ್ಕೊಳ್ರಮ್ಮಾ, ಹತ್ತು ನಿಮಿಷ” ಎಂದೆ. ಯಾರೋ ಸತ್ತಿದ್ದಾರೆ, ಮೌನಾಚರಣೆ ಎಂದುಕೊಂಡು ಎಲ್ಲರೂ ಕೈ ಕಟ್ಟಿ ತಲೆ ತಗ್ಗಿಸಿದರು! ನಿನ್ನೆ ಎಲ್ಲಿ ತೊಂದರೆಯಾಯಿತು ಹೇಳಿ ಎಂದರೆ ತುಟಿ ಪಿಟಕ್ಕೆನ್ನಲಿಲ್ಲ. ಎರಡನೇ ದಿನವೂ ಅದೇ. ತೊಂದರೆ ಹೇಳಿದರೆ ಬೈಗುಳ ಬೀಳುತ್ತದೆ ಎಂದು ಅವರು ಕಲಿತಿದ್ದರು, ಅದನ್ನು ಕಲಿಸಿದ್ದವರು ನಾವೇ. ನನ್ನ ಮಂಡಿ ನೋಯುತ್ತಿತ್ತು. ಇವರ ಮನೆ ಹಾಳಾಗ, ಬಾಯಿಗೇನು ಬೀಗ ಹಾಕಿಕೊಂಡಿದ್ದಾರಾ ಎಂದು ಒಳಗೇ ಬೈದುಕೊಂಡೆ.

ಮೂರನೇ ದಿನ ಜೇಬಿನವಳು ಬಾಯಿಬಿಟ್ಟಳು. ಫ್ಯಾನ್ ಗಾಳಿಗೆ ಜೇಬಿನ ತುಂಡುಗಳು ಹಾರಿಹೋಗುತ್ತವೆ, ಹೆಕ್ಕುವುದರಲ್ಲೇ ಹೊತ್ತು ಹೋಗುತ್ತದೆ ಎಂದಳು. ಫ್ಯಾನನ್ನು ಆ ಕಡೆ ತಿರುಗಿಸಿದೆ. ಅಷ್ಟೇ. ಮರುದಿನ ಐದಾರು ಜನ ಮಾತಾಡಿದರು. ಕಟಿಂಗ್ ವಿಭಾಗದಿಂದ ಬಂಡಲ್ ತಡವಾಗಿ ಬರುತ್ತದೆ, ಟ್ಯೂಬ್‌ಲೈಟ್ ಮಿಣುಕುತ್ತದೆ, ಕತ್ತರಿ ಮೊಂಡಾಗಿದೆ. ಆಗುವುದನ್ನು ಅಂದೇ ಮಾಡಿದೆ, ಆಗದ್ದನ್ನು ಆಗುವುದಿಲ್ಲ ಎಂದು ಮುಖದ ಮೇಲೇ ಹೇಳಿದೆ. ಆಗುವುದಿಲ್ಲ ಎಂದು ಹೇಳಿದ್ದಕ್ಕೂ ಅವರಿಗೆ ಸಮಾಧಾನವೇ ಆಯಿತು. ಇಷ್ಟು ವರ್ಷ ಅವರಿಗೆ ಉತ್ತರವೆಂಬುದೇ ಬಂದಿರಲಿಲ್ಲ.

ಒಂದು ವಾರ ಎಂದದ್ದು ಇನ್ನೊಂದು ವಾರಕ್ಕೆ ಬೆಳೆಯಿತು. ಕಾಲರ್ ಹುಡುಗಿ ಮಾತಾಡಿದ್ದು ಆಗಲೇ. ಸೆರಗಿನ ತುದಿ ತಿರುವುತ್ತಾ, “ಮೇಡಂ, ಹನ್ನೊಂದಕ್ಕೆ ಒಂದ್ಸಲ ಹೋಗ್ಬರ್ಲಾ? ಮಗೂಗೆ ಬೇರೇದು ಏನೂ ಆಗಲ್ಲ ಮೇಡಂ” ಎಂದಳು. ಎಲ್ಲರೂ ಬೋರ್ಡಿನ ಕಡೆ ನೋಡಿದರು. ನನಗೆ ಅದನ್ನು ಕಿತ್ತು ಬಿಸಾಡಬೇಕೆನ್ನಿಸಿತು.

“ಹೋಗ್ಬಾ. ಆದ್ರೆ ಲೈನ್ ನಿಲ್ಲಬಾರ್ದು. ಹೇಗೆ? ನೀವೇ ಹೇಳ್ರಮ್ಮಾ” ಎಂದೆ.

ಮೊದಲು ದಾರ ಕತ್ತರಿಸುವ ಹೆಲ್ಪರನ್ನು ಅವಳ ಜಾಗದಲ್ಲಿ ಕೂರಿಸಿದೆವು. ಕಾಲರ್‌ಗಳೆಲ್ಲ ಸೊಟ್ಟಗೆ ಬಂದವು, ಎಲ್ಲಾ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಮರುದಿನ ಬೆಳಿಗ್ಗೆ ನಿಂತಾಗ, ಇದು ಆಗಲಿಲ್ಲ, ಬಿಟ್ಟೆವು ಎಂದೆ. ಯಾರಿಗೂ ಬೈಯಲಿಲ್ಲ. ಬೈಯದೆ ಇರುವುದು ನನಗೆ ಎಷ್ಟು ಕಷ್ಟವೆಂದು ನನ್ನ ಮನೆಯವರನ್ನು ಕೇಳಿದರೆ ಹೇಳುತ್ತಾರೆ. ಆಮೇಲೆ ತೋಳು ಹಚ್ಚುವವಳು ಒಂದು ಉಪಾಯ ಹೇಳಿದಳು. ಬೆಳಿಗ್ಗೆಯಿಂದಲೇ ಸ್ವಲ್ಪ ಜೋರಾಗಿ ಹೊಲಿದು ಕಾಲರ್ ಹಚ್ಚಿದ ಶರ್ಟುಗಳ ಒಂದು ಸಣ್ಣ ರಾಶಿ ಮುಂಚೆಯೇ ಮಾಡಿಟ್ಟರೆ ಹಿಂದಿನವರಿಗೆ ಕೆಲಸ ತಪ್ಪುವುದಿಲ್ಲ. ಮುಂದೆ ಗುಡ್ಡೆ ಬೀಳುವುದನ್ನು ತಾನು ಬಂದು ಸ್ವಲ್ಪ ಹೊಲಿದುಕೊಡುತ್ತೇನೆ, ಮೊದಲು ತಾನೂ ಕಾಲರ್ ಹಚ್ಚಿದವಳೇ ಎಂದಳು. ಮೊದಲ ದಿನ ರಾಶಿ ಸಾಲಲಿಲ್ಲ. ರಾಶಿ ದೊಡ್ಡದು ಮಾಡಿದೆವು. ಅದು ಜಾಸ್ತಿಯಾಗಿ ನೆಲಕ್ಕೆ ಬಿತ್ತು. ಸ್ವಲ್ಪ ತಗ್ಗಿಸಿದೆವು. ಹೀಗೆ ಒಂದಿಷ್ಟು ದಿನ ಹಗ್ಗಜಗ್ಗಾಟವಾಗಿ ಒಂದು ದಿನ ಸರಿಹೋಯಿತು. ಕಾಲರ್ ಹುಡುಗಿ ಹನ್ನೊಂದಕ್ಕೆ ಎದ್ದಳು, ಹೋದಳು, ಬಂದಳು, ಕೂತಳು. ಲೈನಿಗೆ ಗೊತ್ತೇ ಆಗಲಿಲ್ಲ. ಬಂದು ಕೂತವಳ ಮುಖ ನೋಡಿದೆ. ಹಾಲು ಕುಡಿದದ್ದು ಮಗುವೋ ಇವಳೋ ಎನ್ನುವ ಹಾಗಿತ್ತು. ನನಗೆ ಆ ದಿನ ಬಸ್ಸಿನಲ್ಲಿ ನಿಂತು ಬಂದರೂ ಕಾಲು ನೋಯಲಿಲ್ಲ.

ಒಳ್ಳೆಯದು ಆದರೆ ಸುಮ್ಮನಿರಬೇಕು. ನಮ್ಮ ಜನಕ್ಕೆ ಅದೊಂದು ಬರುವುದಿಲ್ಲ.

ಆ ಲೈನಿನ ಟಾರ್ಗೆಟ್ ದಿನಾ ಮುಟ್ಟುತ್ತಿರುವುದು ಓನರ್ ಕಣ್ಣಿಗೆ ಬಿತ್ತು. ನನ್ನನ್ನು ಕರೆಸಿದರು. ಎಲ್ಲಾ ಹೇಳಿದೆ. ಅಜೈಲ್ ಎಂಬ ಹೆಸರನ್ನೂ ಹೇಳಿಬಿಟ್ಟೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. “ಸೂಪರ್ ಮೇಡಂ! ಸೋಮವಾರದಿಂದ ಎಲ್ಲಾ ಲೈನಲ್ಲೂ ಮಾಡ್ಬಿಡೋಣ. ಒಂದು ಚಿಕ್ಕ ಫಂಕ್ಷನ್ ಇಟ್ಕೊಳೋಣ.”

“ಬೇಡ ಸಾರ್. ಒಂದೊಂದೇ ಲೈನ್ ಮಾಡೋಣ. ಆ ಲೈನ್‌ಗೆ ಆಗಿದ್ದು ಈ ಲೈನ್‌ಗೆ ಆಗಲ್ಲ, ಅವರೇ ಕಂಡ್ಕೋಬೇಕು” ಎಂದೆ.

“ಅಷ್ಟು ಟೈಮ್ ಎಲ್ಲಿದೆ ಮೇಡಂ? ಒಳ್ಳೇ ಕೆಲಸಕ್ಕೆ ತಡ ಯಾಕೆ?”

ಸೋಮವಾರ ಬಾಳೆಕಂಬ ಕಟ್ಟಿದರು. ಹೊಸ ಬೋರ್ಡು ಬಂತು, ಈ ಸಲ ನೀಲಿ ಬಣ್ಣ. ತೆಂಗಿನಕಾಯಿ, ಕೇಸರಿಬಾತು, ನನಗೆ ಒಂದು ಶಾಲು. ಸುಳ್ಳು ಯಾಕೆ ಹೇಳಲಿ, ಶಾಲು ಹೊದಿಸಿದಾಗ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಯಾರೂ ಹೊದಿಸಿರಲಿಲ್ಲ. ಮರುದಿನದಿಂದ ನನ್ನನ್ನು ಕೆಳಗಿನ ಮಹಡಿಯವರಿಗೆ ಕಲಿಸಿಕೊಡಿ ಎಂದು ಅಲ್ಲಿಗೆ ಹಾಕಿದರು. ಮೇಲೆ ನಮ್ಮ ಮಹಡಿಯ ಬೆಳಗಿನ ಮಾತನ್ನು ಪ್ರೊಡಕ್ಷನ್ ಮ್ಯಾನೇಜರ್ ವಹಿಸಿಕೊಂಡರು.

ಅವರು ಮೈಕ್ ತರಿಸಿದರು. ಎಲ್ಲಾ ಲೈನುಗಳನ್ನೂ ಒಟ್ಟಿಗೆ ನಿಲ್ಲಿಸಿ ನಿನ್ನೆ ಎಷ್ಟು ಕಮ್ಮಿಯಾಯಿತು, ಯಾರಿಂದ ಕಮ್ಮಿಯಾಯಿತು ಎಂದು ಓದುತ್ತಿದ್ದರು. ಹೆಂಗಸರು ಮತ್ತೆ ಕೈ ಕಟ್ಟಿ ತಲೆ ತಗ್ಗಿಸಿದರು. ಹತ್ತು ನಿಮಿಷವೇ, ನಿಂತುಕೊಂಡೇ, ದಿನಾ ತಪ್ಪದೆಯೇ. ನೋಡಿದವರಿಗೆ ಎಲ್ಲಾ ನಾವು ಮಾಡಿದ್ದರ ಹಾಗೇ ಇತ್ತು. ಬಯ್ಯರ್ ಕಡೆಯವರು ಫೋಟೋ ಕೂಡ ತೆಗೆದುಕೊಂಡು ಹೋದರು. ಆಮೇಲೆ ಹೊರದೇಶಕ್ಕೆ ಕಳಿಸಬೇಕಾದ ಒಂದು ದೊಡ್ಡ ಶಿಪ್‌ಮೆಂಟ್ ಬಂತು. ಇದೊಂದು ಹೋಗಲಿ, ಆಮೇಲೆ ಹನ್ನೊಂದು ಗಂಟೆಯದು ನೋಡೋಣ ಎಂದರು. ಒಂದರ ಹಿಂದೆ ಇನ್ನೊಂದು ಶಿಪ್‌ಮೆಂಟ್ ಇರುವುದೇ ಗಾರ್ಮೆಂಟ್ಸು. ತೋಳು ಹಚ್ಚುವವಳನ್ನು ಬೇರೆ ಲೈನಿಗೆ ಎಳೆದರು. ಮುಂಚೆಯೇ ಮಾಡಿಡುತ್ತಿದ್ದ ರಾಶಿಯನ್ನು ಕಂಡು, ಕೈಯಲ್ಲಿ ಇಷ್ಟು ಸ್ಪೀಡ್ ಇದೆ ಅಂದಮೇಲೆ ಟಾರ್ಗೆಟ್ ಏರಿಸಿ ಎಂದರಂತೆ. ಹಳೇ ಗಂಡನ ಪಾದವೇ ಗತಿ.

ಇದೆಲ್ಲ ನನಗೆ ಗೊತ್ತಾದದ್ದು ಮೆಟ್ಟಿಲಲ್ಲಿ ಜೇಬಿನವಳು ಸಿಕ್ಕಿ ಹೇಳಿದಾಗ. ನಾನು ಕೆಳಗಿನ ಮಹಡಿಯಲ್ಲಿ, ಹೊಸ ಲೈನುಗಳು, ಹೊಸ ಮುಖಗಳು, ಅದೇ ಮೌನಾಚರಣೆ ಎಂದು ಒದ್ದಾಡುತ್ತಿದ್ದೆ. ಆ ಭಾನುವಾರ ತಾರಸಿಯಲ್ಲಿ ಹುಬ್ಬಳ್ಳಿ ಹುಡುಗಿಯ ಮೇಲೆ ಸಿಟ್ಟು ತೀರಿಸಿಕೊಂಡೆ. ನಿನ್ನ ಅಜೈಲೂ ಬೋರ್ಡು ಸೇರಿತು ಕಣೇ ಎಂದೆ. ಅವಳೂ ದಣಿದ ಮುಖ ಮಾಡಿಕೊಂಡೇ ಇದ್ದಳು.

“ನಮ್ಮಲ್ಲಿನೂ ಅದಽ ಆಗೈತ್ರೀ ಆಂಟಿ. ಈಗ ನಿಂತ ಮ್ಯಾಲೆ ಸಾಹೇಬ್ರಿಗೆ ವರದಿ ಒಪ್ಪಸ್ತೀವ್ರೀ, ಒಬ್ಬರಿಗೊಬ್ರು ಮಾತಾಡೂದು ಬಿಟ್ಟೀವಿ. ಹೆಸರು ಉಳದೈತಿ, ಕೆಲಸ ಹೋಗೈತಿ.”

“ಮತ್ತೆ ಏನೇ ಮಾಡೋದು?”

“ಮತ್ತ ಸಣ್ಣದರಿಂದ ಸುರು ಮಾಡೂದ್ರೀ. ಬ್ಯಾರೆ ದಾರಿ ಏನೈತಿ?” ಎಂದಳು.

ಐವತ್ತರ ಹತ್ತಿರದ ಹೆಂಗಸಿಗೆ ಎಷ್ಟು ಸಲ ಮತ್ತೆ ಎನ್ನುವುದು? ಅವತ್ತು ಅಡುಗೆಯನ್ನೂ ಮಾಡದೆ ಮಲಗಿದೆ. ಸೋಮವಾರ ಎದ್ದು ಓನರ್ ರೂಮಿಗೆ ಹೋದೆ. ಶಾಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ತೆಗೆದುಕೊಂಡು ಹೋಗಿದ್ದೆ. ಅವರ ಮೇಜಿನ ಮೇಲೆ ಇಟ್ಟೆ.

“ಇದನ್ನ ತಗೊಳ್ಳಿ ಸಾರ್. ನನಗೆ ಆ ಲೈನ್ ವಾಪಸ್ ಕೊಡಿ. ಮೈಕ್ ಬೇಡ, ಮ್ಯಾನೇಜರ್ ಬೇಡ, ಫೋಟೋ ಬೇಡ. ಶಿಪ್‌ಮೆಂಟ್ ಇದ್ರೂ ಹನ್ನೊಂದು ಗಂಟೆ ಹನ್ನೊಂದು ಗಂಟೆನೇ. ಆಗಲ್ಲ ಅಂದ್ರೆ ನಾನೂ ಬರಲ್ಲ.”

“ಯಾಕೆ ಮೇಡಂ ಇಷ್ಟು ಕೋಪ? ಎಲ್ಲಾ ಲೈನಲ್ಲೂ ನಡೀತಾ ಇದೆಯಲ್ಲಾ!”

“ಎಲ್ಲಾ ಲೈನಲ್ಲೂ ನಿಲ್ತಾ ಇದಾರೆ ಸಾರ್. ಎಲ್ಲೂ ನಡೀತಾ ಇಲ್ಲ.”

ಕೆಟ್ಟ ಮನುಷ್ಯರೇನಲ್ಲ ಅವರು. ಆರಂಭ ಶೂರರು, ಅಷ್ಟೆ. ಹೊಸದು ಎಂದರೆ ಹುಚ್ಚು, ಹಳೆಯದಾಗುವವರೆಗೆ ಕಾಯುವ ತಾಳ್ಮೆ ಇಲ್ಲ. ಶಾಲಿನ ಕವರನ್ನು ಪಕ್ಕಕ್ಕೆ ಸರಿಸಿ, ಸರಿ ಮಾಡಿ, ಒಂದು ಲೈನು ತಾನೇ ಎಂದರು. ನನಗೆ ಬೇಕಿದ್ದದ್ದು ಆ ಒಂದೇ.

ಮರುದಿನ ಬೆಳಿಗ್ಗೆ ಲೈನಿನ ಹತ್ತಿರ ಹೋಗಿ ನಿಂತೆ. ಮೈಕ್ ಇರಲಿಲ್ಲ. ಜೇಬಿನವಳು ನಕ್ಕಳು. ತೋಳಿನವಳನ್ನು ಜಗಳವಾಡಿ ಹಿಂದಕ್ಕೆ ತಂದಿದ್ದೆ. ಮತ್ತೆ ಮೊದಲಿನಿಂದ ಮಾತು, ಮತ್ತೆ ಆ ಸಣ್ಣ ರಾಶಿ. ಕಾಲರ್ ಹುಡುಗಿ ಮಾತ್ರ ಏನೂ ಮಾತಾಡಲಿಲ್ಲ. ಇಷ್ಟು ದಿನ ಆದದ್ದಕ್ಕೆ ಮುನಿಸು ಇರಬೇಕು ಎಂದುಕೊಂಡೆ. ಇರಲಿ, ಇರಬೇಕಾದದ್ದೇ.

ಹನ್ನೊಂದಾಯಿತು. ತೋಳಿನವಳು ಎದ್ದು ಬಂದು ಅವಳ ಪಕ್ಕ ನಿಂತಳು. ಕಾಲರ್ ಹುಡುಗಿ ಏಳಲಿಲ್ಲ. ನಾನೇ ಹೋಗಿ ಅವಳ ಭುಜ ಮುಟ್ಟಿದೆ.

“ಏಳಮ್ಮಾ, ಹನ್ನೊಂದಾಯ್ತು. ಹೋಗಿ ಹಾಲು ಕೊಟ್ಟು ಬಾ. ಯಾರು ಏನಂತಾರೋ ನಾನು ನೋಡ್ಕೋತೀನಿ.”

ಅವಳು ಮಿಷಿನ್ನು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ.

“ಬೇಡ ಮೇಡಂ. ಬಿಡಿಸ್ಬಿಟ್ಟೆ.”

“ಏನು ಬಿಡಿಸ್ದೆ?”

“ಹಾಲು. ಬೇವು ಹಚ್ಕೊಂಡೆ, ಹೋದ್ ವಾರ.”

ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಹಾಳಾದ್ದು, ಅದಕ್ಕೂ ಬೇರೆ ಹೊತ್ತು ಸಿಗಲಿಲ್ಲ. ಮಿಷಿನ್ನುಗಳೆಲ್ಲ ಒಮ್ಮೆಗೇ ನಿಂತವು. ಗೋಡೆಯಾಚೆಯಿಂದ ಅಳು ಬಂತು. ಅವಳ ಮುಖ ನೋಡಿದರೆ ಅದು ಅವಳದೇ ಮಗು ಎಂದು ಗೊತ್ತಾಗುತ್ತಿತ್ತು. ಆ ಸದ್ದಿಲ್ಲದ ಹೊತ್ತಿನಲ್ಲಿ ಅವಳು ಮೆಲ್ಲಗೆ ಹೇಳುತ್ತಾ ಹೋದಳು. ಹನ್ನೊಂದಕ್ಕೆ ಕೊಡದೆ ಕೊಡದೆ ಎದೆ ಗಟ್ಟಿಯಾಗಿ ಜ್ವರ ಬಂತು. ಕೆಲಸಕ್ಕೆ ಬಾರದಿದ್ದರೆ ಆಗುವುದಿಲ್ಲ. ಅತ್ತೆ, ಹೀಗೆ ಇಬ್ಬರೂ ನರಳುವುದಕ್ಕಿಂತ ಬಿಡಿಸಿಬಿಡು ಎಂದರು. ಬೇವಿನ ಸೊಪ್ಪು ಅರೆದು ಹಚ್ಚಿಕೊಂಡಳು. ಮೊದಲ ಸಲ ಮಗು ಬಾಯಿ ಹಾಕಿ, ಮುಖ ಕಿವುಚಿ, ಇವಳನ್ನೇ ನೋಡಿತಂತೆ. ಅಳಲಿಲ್ಲವಂತೆ, ಸುಮ್ಮನೆ ನೋಡಿತಂತೆ. “ಈಗ ರಾಗಿ ಸರಿ ತಿನ್ನಿಸ್ತಾರೆ ಮೇಡಂ. ಅರ್ಧ ಉಗಿಯುತ್ತೆ. ಎತ್ಕೊಳಕ್ಕೆ ಹೋದ್ರೆ ಎದೆ ಹತ್ರ ಬರಲ್ಲ, ಹೆದ್ರಿಕೊಳ್ಳತ್ತೆ.”

ಆ ಬಾಳೆಕಂಬ, ಆ ಕೇಸರಿಬಾತು, ಆ ಫೋಟೋಗಳು, ಎಲ್ಲಾ ಕಣ್ಣ ಮುಂದೆ ಬಂದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದು ಯಾರ ಬಾಯಿ ಎಂದು ಆವತ್ತು ಕಂಡೆ. ಅವಳ ಮುಂದೆಯೇ ಅತ್ತುಬಿಟ್ಟೆ.

ಜನರೇಟರ್ ಹತ್ತಿತು. ಅಳು ಮುಳುಗಿಹೋಯಿತು. ಕಾಲರ್ ಹುಡುಗಿ ಕಣ್ಣು ಒರೆಸಿಕೊಂಡು, ಲೈನಿನ ಹಿಂದಿನ ತುದಿಯ ಕಡೆ ಕೈ ತೋರಿಸಿದಳು. ಅಲ್ಲಿ ತೋಳಿನ ಪಟ್ಟಿ ಹೊಲಿಯುವವಳು ಬಾಣಂತನ ಮುಗಿಸಿ ಹೊಸದಾಗಿ ಕೆಲಸಕ್ಕೆ ಬಂದಿದ್ದಳು.

“ಅವಳ್ನ ಕಳ್ಸಿ ಮೇಡಂ. ಅವಳದ್ದಿನ್ನೂ ಎಳೇ ಕೂಸು. ಅವಳ ಮಿಷಿನ್ ನಾನು ನೋಡ್ಕೋತೀನಿ.”

ಎದ್ದು ಹೋದಳು. ಪಟ್ಟಿಯವಳಿಗೆ ಏಳುವುದೋ ಬೇಡವೋ ಎಂಬ ದಿಗಿಲು. ಇವಳು ಅವಳ ರಟ್ಟೆ ಹಿಡಿದು ಎಬ್ಬಿಸಿ, “ಹೋಗೇ, ಹೊತ್ತಾಯ್ತು” ಎಂದು ಕುರ್ಚಿಯಲ್ಲಿ ಕೂತೇ ಬಿಟ್ಟಳು. ಕಾಲರ್ ಮಿಷಿನ್ನಿಗೆ ತೋಳಿನವಳು ಕೂತಳು. ನಾನು ಏನೂ ಹೇಳಬೇಕಾಗಲಿಲ್ಲ.

ಅದು ಆಮೇಲೆ ನಿಲ್ಲಲಿಲ್ಲ. ಮಳೆ ಬಂತು, ಶಿಪ್‌ಮೆಂಟ್ ಬಂತು, ಪ್ರೊಡಕ್ಷನ್ ಮ್ಯಾನೇಜರ್ ಬಂದು ಕಿರುಚಿದರು. ಹನ್ನೊಂದಕ್ಕೆ ಕಾಲರ್ ಹುಡುಗಿ ಎದ್ದು ಯಾವ ತಾಯಿಯ ಸರದಿಯೋ ಅವಳ ಮಿಷಿನ್ನಿಗೆ ಹೋಗಿ ಕೂರುತ್ತಿದ್ದಳು. ಒಮ್ಮೆ ಮ್ಯಾನೇಜರ್ ಅಡ್ಡ ನಿಂತಾಗ, “ಸಾರ್, ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ. ಹನ್ನೊಂದಕ್ಕೆ ಮಾತ್ರ ಅಡ್ಡ ಬರಬೇಡಿ” ಎಂದಳು. ಸೆರಗು ತಿರುವುತ್ತಿದ್ದ ಹುಡುಗಿ ಅವಳೇನಾ ಎಂದು ನಾನು ನೋಡುತ್ತಾ ನಿಂತೆ. ಬೆಳಗಿನ ಹತ್ತು ನಿಮಿಷದ ಮಾತನ್ನೂ ಬರಬರುತ್ತಾ ಅವಳೇ ನಡೆಸಿದಳು. ಪಕ್ಕದ ಲೈನಿನವರು ನೋಡಿ ಕೇಳಿದರು, ಅವರಿಗೆ ಬೇಕಾದ ಹಾಗೆ ತಿದ್ದಿಕೊಂಡು ಮಾಡಿದರು. ಅವರಲ್ಲಿ ಹನ್ನೊಂದೂಕಾಲು ಆಯಿತು, ಇನ್ನೊಂದರಲ್ಲಿ ಹತ್ತೂವರೆ. ಯಾರೂ ಕಾಯಿ ಒಡೆಯಲಿಲ್ಲ. ಹಳದಿ ಬೋರ್ಡು ಒಂದು ದಿನ ತಾನಾಗಿಯೇ ಮೊಳೆ ಕಿತ್ತು ಬಿತ್ತು, ಮತ್ತೆ ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ.

ಅಲ್ಲಿಂದ ನಾಲ್ಕೈದು ವರ್ಷ ನಾನೂ ಅಲ್ಲೇ ಇದ್ದೆ. ಓನರ್ ಆಮೇಲೂ ಒಂದೆರಡು ಹೊಸ ಬೋರ್ಡು ತಂದರು, ನಾವೂ ಕೇಸರಿಬಾತು ತಿಂದೆವು. ಮಂಡಿ ಪೂರ್ತಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟೆ. ಬಿಡುವ ಮುಂಚೆ ಹೊಸ ಮ್ಯಾನೇಜರ್ ಒಬ್ಬರು ಬಂದಿದ್ದರು. ಈ ಹನ್ನೊಂದು ಗಂಟೆಯ ಪದ್ಧತಿ ಯಾರು ತಂದದ್ದು ಎಂದು ಲೈನಿನಲ್ಲಿ ಕೇಳಿದರು. ಹೊಸಬರಿಗೆ ಗೊತ್ತಿರಲಿಲ್ಲ. ಮೊದಲಿನಿಂದಲೂ ಹೀಗೇ ಸಾರ್ ಎಂದರು. ನಾನು ಅಲ್ಲೇ ಇದ್ದೆ, ಸುಮ್ಮನಿದ್ದೆ. ಹೇಳಿದರೆ ಮತ್ತೆ ಶಾಲು ತರುತ್ತಾರೆ.

ಆವತ್ತೂ ಹನ್ನೊಂದಕ್ಕೆ ಯಾವಳೋ ಹೊಸ ಬಾಣಂತಿ ಎದ್ದು ಹೋದಳು, ಕಾಲರ್ ಹುಡುಗಿ ಅವಳ ಜಾಗದಲ್ಲಿ ಕೂತಳು. ಇವಳ ಮಗಳು ಆ ಹೊತ್ತಿಗೆ ಸ್ಕೂಲಿಗೆ ಹೋಗುತ್ತಿದ್ದಳು, ಎರಡು ಜಡೆ ಹಾಕಿಸಿಕೊಂಡು. ಅಷ್ಟರಲ್ಲಿ ಕರೆಂಟು ಹೋಯಿತು. ಗೋಡೆಯಾಚೆ ಯಾರದೋ ಕೂಸು ಅಳುವುದು ಕೇಳಿಸಿತು. ಇವಳ ಕೈ ಮೊದಲು ಸೆರಗಿಗೆ ಹೋಯಿತು, ಆಮೇಲೆ ಮಿಷಿನ್ನಿಗೆ.